ಯುರೋಪನ್ನು ಓದಿಸಿದವರು

1724ರಲ್ಲಿ ಇಂಗ್ಲೆಂಡಿನ ಅರಸನಾಗಿದ್ದ ಒಂದನೆಯ ಜಾರ್ಜನು, ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳ ಅಧ್ಯಯನದಲ್ಲಿಯೇ ತಮ್ಮ ಸಾರ್ಥಕ್ಯವನ್ನು ಕಂಡುಕೊಂಡಿದ್ದ ಆಕ್ಸ್‌ಫರ್ಡ್ ಹಾಗೂ ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳಿಗೆ ಆಧುನಿಕ ಇತಿಹಾಸದ ಒಂದೊಂದು ಪ್ರಾಧ್ಯಾಪಕಪೀಠವನ್ನು ಅನುಗ್ರಹಿಸಿದನು. ವರ್ಷಕ್ಕೆ 400 ಪೌಂಡು ವೇತನ. ಆ ವೇತನದಲ್ಲಿಯೇ ಪ್ರಾಧ್ಯಾಪಕನು ಯುರೋಪಿನ ಜೀವದ್ಭಾಷೆಗಳನ್ನು ಕಲಿಸಬಲ್ಲ ಇಬ್ಬರು ಉಪಾಧ್ಯಾಯರನ್ನು ಇಟ್ಟುಕೊಳ್ಳತಕ್ಕದ್ದು. ಒಂದೊಂದು ವಿಶ್ವವಿದ್ಯಾನಿಲಯದಲ್ಲಿ ಇಪ್ಪತ್ತು ಮಂದಿ ತರುಣರನ್ನು ಅರಸನ ವಿದ್ಯಾರ್ಥಿಗಳೆಂದು ಆರಿಸಿಕೊಂಡು, ಪರರಾಜ್ಯಗಳ ಆಸ್ಥಾನಗಳಲ್ಲಿ ತಬ್ಬಿಬ್ಬಾಗದೆ ಮಾತನಾಡಬಲ್ಲ ರಾಜಸೇವಕರನ್ನಾಗಿ ಅವರನ್ನು ಸಿದ್ಧಗೊಳಿಸತಕ್ಕದ್ದು. ಜರ್ಮನಿಯ ಹ್ಯಾನೋವರಿನಿಂದ ಬಂದು ಸಿಂಹಾಸನವನ್ನೇರಿದ ಈ ಅರಸನಿಗೆ ಇಂಗ್ಲಿಷು ಕಡೆಯವರೆಗೂ ಸರಿಯಾಗಿ ನಾಲಗೆಗೆ ಹತ್ತಲಿಲ್ಲವೆನ್ನುತ್ತಾರೆ. ಪರಭಾಷೆಯನ್ನು ಬಲ್ಲ ಮಂತ್ರಿಗಳ ಬೆಲೆ ಆತನಿಗೆ ಚೆನ್ನಾಗಿಯೇ ತಿಳಿದಿದ್ದಿರಬೇಕು. ಯುರೋಪಿನ ಭಾಷೆ, ರಾಜಕೀಯ, ಸಂಸ್ಕೃತಿ ಮೂರನ್ನೂ ಒಂದೇ ಪಠ್ಯಕ್ರಮದಲ್ಲಿ ಹೆಣೆದು ತರುಣರಿಗೆ ಬೋಧಿಸಬೇಕೆಂಬ ಆಲೋಚನೆ ಆ ದೇಶದಲ್ಲಿ ಮೊದಲು ಮೊಳೆತದ್ದು ಈ ದತ್ತಿಯಲ್ಲಿ.

ಮೊಳೆತದ್ದು ಬಹುಕಾಲ ಬಾಳಲಿಲ್ಲ. ಅರಸನ ವಿದ್ಯಾರ್ಥಿಗಳ ಸಾಲು ಬೇಗನೆ ಬರಿದಾಯಿತು, ಪೀಠವು ಸುಖಾಸನವಾಯಿತು. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಕಾವ್ಯವನ್ನು ಓದಿದವರೆಲ್ಲರಿಗೂ ಹಳ್ಳಿಯ ಸ್ಮಶಾನದ ಶೋಕಗೀತೆಯಿಂದ ಪರಿಚಿತನಾದ ತಾಮಸ್ ಗ್ರೇ 1768ರಲ್ಲಿ ಕೇಂಬ್ರಿಜಿನ ಈ ಪೀಠಕ್ಕೆ ಬಂದು, 1771ರಲ್ಲಿ ತೀರಿಕೊಳ್ಳುವವರೆಗೆ ಒಂದಾದರೂ ಉಪನ್ಯಾಸವನ್ನು ಕೊಡಲಿಲ್ಲ. ಅವನನ್ನು ಹಳಿಯುವುದು ಸುಲಭ. ಆದರೆ ಕೇಳುವವರಿಲ್ಲದ ಕಡೆ ಹೇಳುವವನು ಏನು ಮಾಡಬೇಕು? ಈ ವ್ಯಾಸಂಗದ ಮುನ್ನೂರು ವರ್ಷಗಳ ವೃತ್ತಾಂತವನ್ನು ನೋಡುತ್ತ ಹೋದರೆ ಒಂದು ವಿಚಿತ್ರವು ಕಣ್ಣಿಗೆ ಬೀಳುತ್ತದೆ: ಹಣ ಕೊಟ್ಟವರು ಪ್ರತಿಸಲವೂ ತಮ್ಮ ಕೆಲಸಕ್ಕೊದಗುವ ಆಳುಗಳನ್ನು ಬಯಸಿ ಕೊಟ್ಟರು, ಕಲಿಸಿದವರಾದರೋ ಬಹುಮಟ್ಟಿಗೆ ಇನ್ನೊಂದು ರಾಜ್ಯವು ಹೊರಗಟ್ಟಿದವರು, ಇಲ್ಲವೆ ಬೇರೊಂದು ವಿದ್ಯೆಯನ್ನು ಬಯಸಿ ಬಂದು ಇಲ್ಲಿ ಸಿಕ್ಕಿಕೊಂಡವರು.

ಎರಡನೆಯ ಬಗೆಯವರಿಗೆ ಆಕ್ಸ್‌ಫರ್ಡಿಗಿಂತ ಉತ್ತಮವಾದ ನಿದರ್ಶನವಿಲ್ಲ. 1788ರಲ್ಲಿ ನಿಧನನಾದ ವಾಸ್ತುಶಿಲ್ಪಿ ಸರ್ ರಾಬರ್ಟ್ ಟೇಲರನು, ಯುರೋಪಿನ ಭಾಷೆಗಳ ಬೋಧನೆಗೂ ಅಭಿವೃದ್ಧಿಗೂ ಸಲ್ಲತಕ್ಕದ್ದೆಂದು ತನ್ನ ಆಸ್ತಿಯನ್ನು ಆ ವಿಶ್ವವಿದ್ಯಾನಿಲಯಕ್ಕೆ ಬರೆದಿಟ್ಟಿದ್ದನು. ಅದು ಕೈಸೇರಬೇಕಾದರೆ ಅವನ ಮಗನು 1834ರಲ್ಲಿ ಕಾಲವಾಗುವವರೆಗೆ ಕಾಯಬೇಕಾಯಿತು. ಬಳಿಕ ಕಾಕರೆಲ್ ಎಂಬ ಶಿಲ್ಪಿಯ ನಕ್ಷೆಯಂತೆ ಸಂತ ಗೈಲ್ಸನ ಬೀದಿಯಲ್ಲಿ ಟೇಲರ್ ಸಂಸ್ಥೆಯ ಭವನವು ಎದ್ದಿತು. ಬೀದಿಗೆ ಮುಖಮಾಡಿದ ಅದರ ಎತ್ತರದ ಕಂಬಗಳ ಮೇಲೆ ನಾಲ್ವರು ಸ್ತ್ರೀಯರ ಪ್ರತಿಮೆಗಳಿವೆ: ಫ್ರಾನ್ಸ್, ಇಟಲಿ, ಜರ್ಮನಿ, ಸ್ಪೇನ್. ಅಂದಿನ ವಿದ್ವಾಂಸರ ದೃಷ್ಟಿಯಲ್ಲಿ ಸಾಹಿತ್ಯವುಳ್ಳ ಯುರೋಪೆಂದರೆ ಅಷ್ಟೇ; ರಷ್ಯಕ್ಕಾಗಲಿ, ಪೋಲೆಂಡಿಗಾಗಲಿ, ಡ್ಯಾನ್ಯೂಬಿನ ದಡದ ಜನಕ್ಕಾಗಲಿ ಅಲ್ಲಿ ಕಂಬವಿಲ್ಲ. ಈ ಭವನಕ್ಕೆ ಆಧುನಿಕ ಯುರೋಪಿಯನ್ ಭಾಷೆಗಳ ಪ್ರಥಮ ಪ್ರಾಧ್ಯಾಪಕನಾಗಿ ಬಂದ ಟ್ರಿಥೆನ್ ಯಾರು? ಭವಭೂತಿಯ ಮಹಾವೀರಚರಿತವನ್ನು 1848ರಲ್ಲಿ ಲಂಡನ್ನಿನಲ್ಲಿ ಸಂಪಾದಿಸಿ ಪ್ರಕಟಿಸಿದ ಸಂಸ್ಕೃತಜ್ಞ. ಅವನು ಅಸ್ವಸ್ಥನಾಗಲು, 1851ರಲ್ಲಿ ಅವನ ಸ್ಥಾನದಲ್ಲಿ ನಿಂತು ಪಾಠ ಹೇಳಿ 1854ರಲ್ಲಿ ಪೂರ್ಣ ಪ್ರಾಧ್ಯಾಪಕನಾದವನು ಬೇರೆ ಯಾರೂ ಅಲ್ಲ, ಋಗ್ವೇದವನ್ನು ಸಾಯಣಭಾಷ್ಯದೊಡನೆ ಅಚ್ಚು ಹಾಕಿಸಿ ನಮ್ಮ ಪಂಡಿತರಿಂದ ಭಟ್ಟ ಮೋಕ್ಷಮೂಲರನೆನ್ನಿಸಿಕೊಂಡ ಮಾಕ್ಸ್ ಮುಲ್ಲರ್. ಅಂಗಳದ ಆಚೆಗಿದ್ದ ಸಂಸ್ಕೃತಪೀಠದ ಮೇಲೆ ಅವನ ಕಣ್ಣಿತ್ತು. 1860ರ ಚುನಾವಣೆಯಲ್ಲಿ ಅದು ಮೊನಿಯರ್ ವಿಲಿಯಮ್ಸನ ಪಾಲಾಯಿತು. ಹೀಗಾಗಿ, ನಮ್ಮವರು ವೇದೋದ್ಧಾರಕನೆಂದು ಕೈಮುಗಿಯುತ್ತಿದ್ದ ಮಹಾಶಯನು, 1868ರಲ್ಲಿ ತೌಲನಿಕ ಭಾಷಾಶಾಸ್ತ್ರದ ಪೀಠವೊಂದನ್ನು ಅವನಿಗೆಂದೇ ನಿರ್ಮಿಸುವವರೆಗೆ, ಜರ್ಮನ್ ಮತ್ತು ಫ್ರೆಂಚ್ ಸಾಹಿತ್ಯಗಳ ಲೆಕ್ಕದಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದನು.

ಮೊದಲನೆಯ ಬಗೆಯವರು ಲಂಡನ್ನಿನಲ್ಲಿ ದೊರಕುತ್ತಾರೆ. 1828ರಲ್ಲಿ ಅಲ್ಲಿ ತೆರೆದ ನೂತನ ವಿಶ್ವವಿದ್ಯಾನಿಲಯವು ಮತದ ಕಟ್ಟುಪಾಡುಗಳನ್ನು ತೊರೆದದ್ದಲ್ಲದೆ, ವರ್ತಕರ ಮಕ್ಕಳಿಗೆ ಪ್ರಯೋಜನಕ್ಕೆ ಬರುವ ಜೀವದ್ಭಾಷೆಗಳಿಗೂ ಪ್ರಾಧ್ಯಾಪಕರನ್ನು ನೇಮಿಸಿತು. ಜರ್ಮನ್ ಕಲಿಸಲು ಬಂದ ಮ್ಯೂಲೆನ್‌ಫೆಲ್ಸ್ ರಾಜಕೀಯ ಅಪರಾಧಕ್ಕಾಗಿ ಸೆರೆಯಾಗಿದ್ದು ತಪ್ಪಿಸಿಕೊಂಡು ಬಂದವನು. ಇಟಾಲಿಯನ್ ಕಲಿಸಲು ಬಂದ ಅಂತೋನಿಯೊ ಪಾನಿಜ್ಜಿ ಮೊದೆನದ ಸಂಸ್ಥಾನದಿಂದ ಪಲಾಯನ ಮಾಡಿದವನು. ಅಲ್ಲಿನ ಸರಕಾರವು ಅವನ ಪರೋಕ್ಷದಲ್ಲಿಯೇ ಅವನಿಗೆ ಮರಣದಂಡನೆಯನ್ನು ವಿಧಿಸಿತ್ತು. ಮೂರು ವರ್ಷಗಳ ಮೇಲೆ ಕಿಂಗ್ಸ್ ಕಾಲೇಜಿನಲ್ಲಿ ಅದೇ ಭಾಷೆಯ ಪ್ರಾಧ್ಯಾಪಕನಾದ ಗಾಬ್ರಿಯೆಲೆ ರೊಸೆಟ್ಟಿ ನೇಪಲ್ಸಿನ ದೊರೆಯ ಕೋಪಕ್ಕೆ ಗುರಿಯಾಗಿ ದೇಶಬಿಟ್ಟ ಕವಿ. ವಿದ್ಯಾರ್ಥಿಗಳು ತೀರ ವಿರಳ. ವಿದ್ಯಾರ್ಥಿಗಳ ಶುಲ್ಕವನ್ನೇ ನೆಚ್ಚಿದ ಆದಾಯವೂ ಅಷ್ಟರಲ್ಲಿಯೇ. ಪಾನಿಜ್ಜಿಯು ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಭಂಡಾರವನ್ನು ಸೇರಿ, 1856ರಲ್ಲಿ ಅದರ ಮುಖ್ಯಾಧಿಕಾರಿಯಾದನು. ಮುಂದಿನ ವರ್ಷ ತೆರೆದ ಗುಮ್ಮಟದ ವಾಚನಮಂದಿರವು ಅವನ ಕಲ್ಪನೆಯೇ. ಇಟಾಲಿಯನ್ ವ್ಯಾಕರಣದ ತರಗತಿ ಸೊರಗದಿದ್ದರೆ ಜಗತ್ತಿನ ವಿದ್ವಾಂಸರಿಗೆ ಆ ಮಂದಿರವು ದೊರಕುತ್ತಿತ್ತೋ ಇಲ್ಲವೋ!

ಹಳೆಯ ವಿಶ್ವವಿದ್ಯಾನಿಲಯಗಳು ಜೀವದ್ಭಾಷೆಗಳಿಗೆ ಪದವಿಯ ಗೌರವವನ್ನು ಕೊಟ್ಟದ್ದು ಬಹಳ ತಡವಾಗಿ, ಅದೂ ಮನಸ್ಸಿಲ್ಲದ ಮನಸ್ಸಿನಿಂದ. ಫ್ರೆಂಚೆಂಬುದು ದಾದಿಯರಿಂದ ಕಲಿಯುವ ವಿದ್ಯೆ, ಹೋಟೆಲಿನ ಮಾಣಿಗಳ ವಿದ್ಯೆ, ಅದಕ್ಕೆ ಪಂಡಿತರ ಪರೀಕ್ಷೆ ಏಕೆ ಎಂಬ ಭಾವನೆ ಬಲವಾಗಿತ್ತು. 1887ರಲ್ಲಿ ಆಕ್ಸ್‌ಫರ್ಡಿನಲ್ಲಿ ಈ ಚರ್ಚೆ ಎದ್ದಾಗ, ಸಾಹಿತ್ಯದ ರುಚಿಯನ್ನು ಪರೀಕ್ಷೆ ಮಾಡುವುದೆಂತು, ಕವಿಗಳ ಕುರಿತ ಹರಟೆಗೆ ಅಂಕಗಳೇ ಎಂದು ಹಾಸ್ಯಮಾಡಿದವರಲ್ಲಿ ಅಗ್ರಗಣ್ಯನು ಎಡ್ವರ್ಡ್ ಫ್ರೀಮನ್. ಅವನು ಆಗ ಕುಳಿತಿದ್ದ ಪೀಠವು ಜಾರ್ಜ್ ದೊರೆಯು ಭಾಷೆಗಳ ಉಪಾಧ್ಯಾಯರನ್ನು ಸಾಕಲೆಂದು ಸ್ಥಾಪಿಸಿದ ಪೀಠವೇ! ಈ ಆಕ್ಷೇಪಣೆಯಿಂದ ಪಾರಾಗಲು ಭಾಷಾಪಕ್ಷದವರು ಹುಡುಕಿದ ಉಪಾಯವೆಂದರೆ, ವ್ಯಾಸಂಗವನ್ನು ಸಾಧ್ಯವಾದಷ್ಟು ಕಠಿನಗೊಳಿಸುವುದು. ಕೇಂಬ್ರಿಜು 1884ರಲ್ಲಿ ಒಪ್ಪಿ 1886ರಲ್ಲಿ ಮೊದಲು ನಡೆಸಿದ ಮಧ್ಯಕಾಲೀನ ಹಾಗೂ ಆಧುನಿಕ ಭಾಷೆಗಳ ಪರೀಕ್ಷೆಯ ಹೆಸರಿನಲ್ಲಿಯೇ ಮಧ್ಯಕಾಲವು ಮುಂದೆ ನಿಂತಿದೆ. ಹಳೆಯ ಫ್ರೆಂಚಿನ ಸ್ವರವಿಕಾರಗಳನ್ನೂ ಗಾಥಿಕ್ ಭಾಷೆಯ ವಿಭಕ್ತಿಗಳನ್ನೂ ಬಾಯಿಪಾಠ ಮಾಡಿದ ಪದವೀಧರನು ಪ್ಯಾರಿಸಿನ ನಿಲ್ದಾಣದಲ್ಲಿ ಟಿಕೆಟ್ಟು ಕೇಳಲಾರದೆ ನಿಂತರೆ ಅದು ಅವನ ವಿದ್ವತ್ತಿಗೆ ಕುಂದೆಂದು ಯಾರೂ ಎಣಿಸುತ್ತಿರಲಿಲ್ಲ. ಗರ್ಟನ್ ಮತ್ತು ನ್ಯೂನಮ್ ಕಾಲೇಜುಗಳ ಮಹಿಳೆಯರು ಈ ಪರೀಕ್ಷೆಯಲ್ಲಿ ಎದ್ದು ಕಾಣುವಂತೆ ತೇರ್ಗಡೆಯಾಗುತ್ತಿದ್ದರು; ಆದರೆ ಪೂರ್ಣ ಪದವಿಗಾಗಿ ಕೇಂಬ್ರಿಜಿನ ಮಹಿಳೆಯರು 1948ರವರೆಗೆ ಕಾಯಬೇಕಾಯಿತು. ಜೀವದ್ಭಾಷೆಗಳ ಪದವಿಗೆ ಆಕ್ಸ್‌ಫರ್ಡು 1903ರಲ್ಲಿ ಮಣಿಯಿತು.

ಮಾತು ಬಾರದ ಪಾಂಡಿತ್ಯಕ್ಕೆ ಮದ್ದು ಬಂದದ್ದು ವಿಶ್ವವಿದ್ಯಾನಿಲಯಗಳ ಹೊರಗಿನಿಂದ. ಇಂಗ್ಲೆಂಡಿಗೂ ಫ್ರಾನ್ಸಿಗೂ 1904ರಲ್ಲಿ ಸೌಹಾರ್ದ ಏರ್ಪಟ್ಟ ಹೊಸತರಲ್ಲಿ, ಒಂದು ದೇಶದ ತರುಣರು ಇನ್ನೊಂದು ದೇಶದ ಶಾಲೆಗಳಲ್ಲಿ ಒಂದು ವರ್ಷ ಭಾಷಾ ಸಹಾಯಕರಾಗಿರುವ ಪದ್ಧತಿ ಆರಂಭವಾಯಿತು. ಮುಂದೆ ಇದೇ ಪದವಿಯ ಮೂರನೆಯ ವರ್ಷವಾಗಿ ರೂಢಿಗೆ ಬಂದಿತು. ಯಾವುದೋ ದೂರದ ಫ್ರೆಂಚ್ ಪಟ್ಟಣದ ಶಾಲೆ. ವಾರದಲ್ಲಿ ಹತ್ತು ಹನ್ನೆರಡು ಗಂಟೆ ಹುಡುಗರ ಎದುರು ನಿಂತು ಇಂಗ್ಲಿಷಿನಲ್ಲಿ ಮಾತನಾಡುವ ಕೆಲಸ. ಉಳಿದ ಹೊತ್ತೆಲ್ಲ ಮನೆಯೊಡತಿಯೊಡನೆ ಇದ್ದಿಲಿನ ಖರ್ಚಿನ ವಾಗ್ವಾದ, ಬೇಕರಿಯ ಸಾಲಿನಲ್ಲಿ ಕಾಯುವುದು, ಅಂಚೆಕಚೇರಿಯ ಗುಮಾಸ್ತನ ಅಸಹನೆ, ಭಾನುವಾರಗಳ ಒಂಟಿತನ. ತರಗತಿಯಲ್ಲಿ ಮೂರು ವರ್ಷ ಓದಿ ಬಾರದ ಕ್ರಿಯಾರೂಪಗಳು ಮನೆಯೊಡತಿಯೊಡನೆ ಜಗಳವಾಡಿದಾಗ ತಾವಾಗಿ ಬರುತ್ತವೆಂಬುದು ಅಲ್ಲಿಗೆ ಹೋಗಿಬಂದವರ ಸಾಮಾನ್ಯ ಅನುಭವ. ಪಠ್ಯಕ್ರಮವನ್ನು ರಚಿಸಿದ ಯಾವ ಸಮಿತಿಯೂ ಆ ಮನೆಯೊಡತಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಲ್ಲ.

1914ರ ಮಹಾಯುದ್ಧವು ಎಲ್ಲರ ಕಣ್ಣನ್ನೂ ತೆರೆಯಿಸಿತು. ಶತ್ರುವಿನ ಭಾಷೆಯನ್ನೂ ಮಿತ್ರನ ಮನಸ್ಸನ್ನೂ ಬಲ್ಲವರು ದೇಶದಲ್ಲಿ ಎಷ್ಟು ಕಡಮೆಯೆಂಬುದನ್ನು ಕಂಡು ಗಾಬರಿಗೊಂಡ ಸರಕಾರವು ಸ್ಟ್ಯಾನ್ಲಿ ಲೀದ್ಸನ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. 1918ರಲ್ಲಿ ಪ್ರಕಟವಾದ ಅದರ ವರದಿಯು, ಒಂದು ಜನಾಂಗದ ಭಾಷೆಯನ್ನು ಅದರ ಇತಿಹಾಸ, ರಾಜ್ಯವ್ಯವಸ್ಥೆ, ಆರ್ಥಿಕ ಜೀವನಗಳಿಂದ ಕಡಿದು ಕಲಿಸುವುದು ವ್ಯರ್ಥವೆಂದು ವಾದಿಸಿತು. ಅಷ್ಟರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಅದನ್ನು ಆಚರಣೆಗೆ ತಂದಿತ್ತು. ಆಸ್ಟ್ರಿಯದ ಚಕ್ರಾಧಿಪತ್ಯಕ್ಕೆ ದ್ರೋಹಿಯಾಗಿ ದೇಶಾಂತರ ಬಂದಿದ್ದ, ಅರವತ್ತೈದು ವರ್ಷ ವಯಸ್ಸಿನ ತಾಮಸ್ ಮಸಾರಿಕ್ 1915ರ ಅಕ್ಟೋಬರ್ 19ರಂದು ಅಲ್ಲಿನ ಸ್ಲಾವ್ ಅಧ್ಯಯನ ಶಾಲೆಯನ್ನು, ಯುರೋಪಿನ ಸಂಕಟದಲ್ಲಿ ಸಣ್ಣ ರಾಷ್ಟ್ರಗಳ ಸಮಸ್ಯೆಯೆಂಬ ಉಪನ್ಯಾಸದಿಂದ ಆರಂಭಿಸಿದನು. ಮೂರು ವರ್ಷಗಳ ಮೇಲೆ ಆ ಅಧ್ಯಾಪಕನು ಚೆಕೊಸ್ಲೊವಾಕಿಯದ ಪ್ರಥಮ ಅಧ್ಯಕ್ಷನಾದನು; ಪಾಠದ ವಿಷಯವೇ ರಾಷ್ಟ್ರವಾಗಿ ಮೈತಳೆದುದು ವಿಶ್ವವಿದ್ಯಾನಿಲಯಗಳ ಚರಿತ್ರೆಯಲ್ಲಿ ಅಪರೂಪ.

ಅದೇ ಕಾಲೇಜಿನಲ್ಲಿ ಇನ್ನೊಂದು ಪ್ರಕರಣವೂ ನಡೆಯಿತು. ಅದು ಅಷ್ಟು ಶುಭವಾದದ್ದಲ್ಲ. ಲಂಡನ್ನಿನ ಸಿರಿವಂತ ಗ್ರೀಕರು ಚಂದಾ ಕೂಡಿಸಿ, ಗ್ರೀಸ್ ಸರಕಾರದ ನೆರವನ್ನೂ ಪಡೆದು, ಆಧುನಿಕ ಗ್ರೀಕ್ ಭಾಷೆ ಮತ್ತು ಇತಿಹಾಸಕ್ಕೆ ಗ್ರೀಕ್ ವಿದ್ವಾಂಸ ಕೊರಾಯಿಸನ ಹೆಸರಿನ ಪೀಠವನ್ನು ಸ್ಥಾಪಿಸಲು, 1919ರಲ್ಲಿ ಅದನ್ನು ಅಲಂಕರಿಸಿದವನು ಆರ್ನಾಲ್ಡ್ ಟಾಯ್ನ್‌ಬಿ. ಅವನು 1921ರಲ್ಲಿ ಪತ್ರಿಕೆಯೊಂದರ ಬಾತ್ಮೀದಾರನಾಗಿ ಅನಾತೋಲಿಯಕ್ಕೆ ಹೋಗಿ, ಅಲ್ಲಿ ಗ್ರೀಕ್ ಸೈನ್ಯವು ತುರ್ಕಿ ಜನರ ಮೇಲೆ ನಡೆಸುತ್ತಿದ್ದ ದೌರ್ಜನ್ಯಗಳನ್ನು ಕಂಡು, ಕಂಡಂತೆ ಬರೆದನು. ಮರುವರ್ಷ ಗ್ರಂಥವನ್ನೂ ಪ್ರಕಟಿಸಿದನು. ದಾನಿಗಳು ಕೆರಳಿದರು, 1924ರಲ್ಲಿ ಪ್ರಾಧ್ಯಾಪಕನು ಪೀಠವನ್ನು ಬಿಟ್ಟುಕೊಡಬೇಕಾಯಿತು. ತಾನು ಬೋಧಿಸುವ ದೇಶವನ್ನು ಪ್ರೀತಿಸುವುದು ಅಧ್ಯಾಪಕನ ಧರ್ಮವಿರಬಹುದು. ಅದರ ವಕಾಲತ್ತು ವಹಿಸುವುದು ಅವನ ಧರ್ಮವಲ್ಲವೆಂದೇ ನನ್ನ ಭಾವನೆ.

ನಮ್ಮಲ್ಲಿಯೂ ಯುರೋಪನ್ನು ಓದದೆ ಇರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಬಿ.ಎ. ತರಗತಿಗಳಲ್ಲಿ ಫ್ರಾನ್ಸಿನ ಕ್ರಾಂತಿ, ವಿಯೆನ್ನದ ಸಮ್ಮೇಳನ, ಬಿಸ್ಮಾರ್ಕನ ಕುಟಿಲನೀತಿಗಳನ್ನು ಎಷ್ಟೋ ತಲೆಮಾರುಗಳು ಗಟ್ಟಿಮಾಡಿದುವು. ಆದರೆ ಆ ಯುರೋಪು ನಮಗೆ ಇಂಗ್ಲಿಷಿನ ಕಿಟಕಿಯಿಂದ ಕಂಡ ಯುರೋಪು. ಬಿಸ್ಮಾರ್ಕನ ಬಗ್ಗೆ ಹತ್ತು ಪುಟ ಬರೆಯಬಲ್ಲವನು ಅವನ ಒಂದು ವಾಕ್ಯವನ್ನೂ ಅವನ ಭಾಷೆಯಲ್ಲಿ ಓದಲಾರದಿದ್ದನು.

ಎರಡನೆಯ ಮಹಾಯುದ್ಧದ ಬಳಿಕ ಬ್ರಿಟನ್ನಿನಲ್ಲಿ ಹಣದ ಚೀಲವು ಸೈನ್ಯದ ಕೈಯಲ್ಲಿತ್ತು. 1951ರಿಂದ 1960ರವರೆಗೆ ಬ್ರಿಟಿಷ್ ಸರಕಾರವು ಕಡ್ಡಾಯ ಸೈನ್ಯಸೇವೆಗೆ ಬಂದ ಸುಮಾರು 5000 ತರುಣರಿಗೆ ಒಂದು ವಿಶೇಷ ಶಾಲೆಯಲ್ಲಿ ರಷ್ಯನ್ ಕಲಿಸಿತು. ಸೋವಿಯೆತ್ ಸೈನ್ಯದ ರೇಡಿಯೋ ಮಾತುಗಳನ್ನು ಕದ್ದು ಕೇಳುವುದಕ್ಕೆ ಕಿವಿಗಳು ಬೇಕಾಗಿದ್ದುವು. ಇವರಲ್ಲಿ ಚುರುಕಾದವರು ಕೇಂಬ್ರಿಜಿನಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ ಕ್ರಾಂತಿಯ ಕಾಲದಲ್ಲಿ ದೇಶಬಿಟ್ಟು ಬಂದ ಎಲಿಜಬೆತ್ ಹಿಲ್ ಎಂಬ ಪ್ರಾಧ್ಯಾಪಕಿಯ ಕೈಗೆ ಸಿಕ್ಕಿದರು. ಸೈನ್ಯವು ಗೂಢಚಾರರನ್ನು ನಿರೀಕ್ಷಿಸಿತು. ದೊರೆತವರಲ್ಲಿ ನಾಟಕಕಾರರೂ ಇದ್ದರು. ಅಲನ್ ಬೆನೆಟ್ ಅಲ್ಲಿ ಕಲಿತವನು. ಮೈಕಲ್ ಫ್ರೇನ್ ಅಲ್ಲಿ ಕಲಿತ ರಷ್ಯನ್ನಿನಿಂದ ಚೆಕಾಫನ ನಾಟಕಗಳನ್ನು ಇಂಗ್ಲಿಷಿಗೆ ತಂದನು.

ಲೀದ್ಸ್ ಸಮಿತಿಯ ಕನಸು ಪದವಿಯ ರೂಪದಲ್ಲಿ ನಿಜವಾಗಲು 1961 ಬರಬೇಕಾಯಿತು. ಬ್ರೈಟನ್ ಪಟ್ಟಣದ ಹೊರಗೆ, ಬೆಸಿಲ್ ಸ್ಪೆನ್ಸನ ಕೆಂಪು ಇಟ್ಟಿಗೆಯ ಕಮಾನುಗಳ ನಡುವೆ ತಲೆಯೆತ್ತಿದ ಸಸೆಕ್ಸ್ ವಿಶ್ವವಿದ್ಯಾನಿಲಯವು ಇಲಾಖೆಗಳ ಗೋಡೆಗಳನ್ನು ಕೆಡವಿ, ವಿಷಯಗಳನ್ನು ಶಾಲೆಗಳಾಗಿ ಕೂಡಿಸಿತು. ಮೊದಲಿನವುಗಳಲ್ಲಿ ಯುರೋಪಿಯನ್ ಅಧ್ಯಯನ ಶಾಲೆಯೂ ಒಂದು. ಅದರ ಮುಖ್ಯಸ್ಥನಾಗಿ ಬಂದ ಮಾರ್ಟಿನ್ ವೈಟ್, ಯುದ್ಧಕಾಲದಲ್ಲಿ ಶಸ್ತ್ರ ಹಿಡಿಯಲು ನಿರಾಕರಿಸಿದ್ದ ಶಾಂತಿವಾದಿ, ಪೀಠ ಬಿಟ್ಟ ಟಾಯ್ನ್‌ಬಿಯ ಬಳಿ ಕೆಲಸ ಮಾಡಿದ್ದವನು. ಅಲ್ಲಿ ಫ್ರೆಂಚನ್ನೋ ಇತಿಹಾಸವನ್ನೋ ಅಂತರರಾಷ್ಟ್ರೀಯ ಸಂಬಂಧಗಳನ್ನೋ ಮುಖ್ಯವಾಗಿ ಆರಿಸಿಕೊಂಡವರು ಒಂದೇ ಸೂರಿನಡಿ ಕುಳಿತು ಆಧುನಿಕ ಯುರೋಪಿನ ಮನಸ್ಸನ್ನು ಕುರಿತ ಪಾಠವನ್ನು ಕೇಳುತ್ತಿದ್ದರು; ಮಾರ್ಕ್ಸ್, ನೀಚೆ, ಫ್ರಾಯ್ಡರು ಅಲ್ಲಿ ಇತಿಹಾಸಕಾರನಿಗೂ ಭಾಷಾವಿದ್ಯಾರ್ಥಿಗೂ ಸಮಾನವಾದ ಆಸ್ತಿ. ಮುನ್ನೂರು ವರ್ಷಗಳ ಈ ಪ್ರಯತ್ನಗಳಲ್ಲಿ ಕೂಲಿಗಿಂತ ಕುತೂಹಲವು ಮೇಲಾಗಿದ್ದ ಪಠ್ಯಕ್ರಮ ನನಗೆ ಕಾಣುವ ಮಟ್ಟಿಗೆ ಇದೊಂದೇ.

1973ರ ಜನವರಿ 1ರಂದು ಬ್ರಿಟನ್ ಯುರೋಪಿನ ಆರ್ಥಿಕ ಸಮುದಾಯವನ್ನು ಸೇರಿದ ಮೇಲೆ ಇಂತಹ ಪದವಿಗಳು ಅನೇಕ ಕಡೆ ಹುಟ್ಟಿಕೊಂಡುವು; ಬ್ರಸೆಲ್ಸಿನ ಕಚೇರಿಗಳಲ್ಲಿ ಉದ್ಯೋಗಗಳಿದ್ದುವಷ್ಟೆ. 1987ರಲ್ಲಿ ಆರಂಭವಾದ ವಿದ್ಯಾರ್ಥಿವಿನಿಮಯದ ಯೋಜನೆಗೆ ಎರಾಸ್ಮಸನ ಹೆಸರನ್ನಿಟ್ಟರು. ಮೊದಲ ವರ್ಷ ಹನ್ನೊಂದು ದೇಶಗಳ 3244 ಮಂದಿ ಅದರಲ್ಲಿ ಹೊರಟರು. 1511ರಿಂದ ಮೂರು ವರ್ಷ ಕೇಂಬ್ರಿಜಿನಲ್ಲಿದ್ದು ಅಲ್ಲಿನ ಬಿಯರನ್ನು ಬೈಯುತ್ತ, ಲ್ಯಾಟಿನ್ನಿನಲ್ಲಿಯೇ ವ್ಯವಹರಿಸಿದ ಡಚ್ ವಿದ್ವಾಂಸ ಎರಾಸ್ಮಸ್ ಈ ಗೌರವಕ್ಕೆ ನಕ್ಕಿರುತ್ತಿದ್ದನು. ಸಸೆಕ್ಸಿನ ಶಾಲೆ ಈ ಶತಮಾನದ ಆರಂಭದ ಪುನರ್ವಿಂಗಡಣೆಯಲ್ಲಿ ಕರಗಿಹೋಯಿತು. 2020ರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟವನ್ನು ತ್ಯಜಿಸಿ, ಎರಾಸ್ಮಸನ ಯೋಜನೆಯಿಂದಲೂ ಹೊರಬಂದಿತು. ಅದರ ಸ್ಥಾನದಲ್ಲಿ 2021ರಲ್ಲಿ ಬಂದ ಯೋಜನೆಗೆ, ಜರ್ಮನರ ಗುಪ್ತಲಿಪಿಯನ್ನು ಭೇದಿಸಿದ ಗಣಿತಜ್ಞ ಅಲನ್ ಟ್ಯೂರಿಂಗನ ಹೆಸರು. ಹೊರದೇಶಕ್ಕೆ ಹೋಗುವ ಬ್ರಿಟಿಷ್ ವಿದ್ಯಾರ್ಥಿಗೆ ಅದು ಹಣ ಕೊಡುತ್ತದೆ. ಒಳಗೆ ಬರುವವರಿಗೆ ಅದರಲ್ಲಿ ಒಂದು ಪೆನ್ನಿಯೂ ಇಲ್ಲ.