ಪ್ಲಸ್ ತಲೆಯ ಹಠಮಾರಿ ಸ್ಕ್ರೂ
ಹಲವು ಹೋಂಡಾ ಕಾರುಗಳಲ್ಲಿ ಬ್ರೇಕ್ ಡಿಸ್ಕ್ ಬದಲಿಸಹೊರಟ ಮೆಕ್ಯಾನಿಕ್‌ಗೆ ಸವಾಲಾಗುವುದು ಪ್ಲಸ್ ತಲೆಯ ಎರಡು ಪುಟ್ಟ ಸ್ಕ್ರೂಗಳು. ಚಕ್ರ ಕೂರಿಸುವವರೆಗೆ ಡಿಸ್ಕ್ ಅಲುಗದಂತೆ ಹಿಡಿಯುವುದಷ್ಟೇ ಅವುಗಳ ಕೆಲಸ. ಆದರೆ ತುಕ್ಕು ಹಿಡಿದರೆ ಜಪ್ಪಯ್ಯ ಅಂದರೂ ಕದಲವು.

ಪ್ಲಸ್ ತಲೆಯ ಸ್ಕ್ರೂ ಕಾರು ಕಾರ್ಖಾನೆಗೆ ಕಾಲಿಟ್ಟದ್ದು 1930ರ ದಶಕದಲ್ಲಿ. ಅಮೆರಿಕದ ಪೋರ್ಟ್‌ಲ್ಯಾಂಡಿನ ಹೆನ್ರಿ ಫಿಲಿಪ್ಸ್ 1936ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಜನರಲ್ ಮೋಟಾರ್ಸ್ ಅದನ್ನು ಕ್ಯಾಡಿಲಾಕ್ ಜೋಡಣೆಗೆ ಬಳಸಿತು. ಸ್ಕ್ರೂಡ್ರೈವರ್ ತಾನಾಗಿಯೇ ನಡುವಿಗೆ ಕೂರುತ್ತಿದ್ದರಿಂದ ಕೆಲಸ ಬೇಗ ಸಾಗಿತು. ಬಿಚ್ಚುವಾಗ ಮಾತ್ರ ತಲೆಯಲ್ಲಿನ ಇಳಿಜಾರು ಗುಳಿಯೇ ತೊಡಕು: ಬಲ ಹೆಚ್ಚಿದಂತೆ ಸ್ಕ್ರೂಡ್ರೈವರಿನ ತುದಿ, ಅಂದರೆ ಬಿಟ್, ಮೇಲೆದ್ದು ಜಾರಿ, ತಲೆ ಸವೆಯುತ್ತದೆ.

ಇದಕ್ಕೆ ಮದ್ದು ಇಂಪ್ಯಾಕ್ಟ್ ಡ್ರೈವರ್. ಸುತ್ತಿಗೆಯ ಪೆಟ್ಟು ಬಿಟ್ಟನ್ನು ಗುಳಿಯೊಳಗೆ ಒತ್ತುತ್ತಲೇ ತಿರುಗಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ತಲೆಯನ್ನೇ ಡ್ರಿಲ್ ಮಾಡಿ ತೆಗೆಯುತ್ತಾರೆ. ಹೊಸ ಸ್ಕ್ರೂ ಹಾಕುವಾಗ ಥ್ರೆಡ್ಡಿಗೆ ಅಂಟಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಲೇಪ ತುಸು ಸವರಿ. ಮುಂದಿನ ಸಲ ಸಲೀಸಾಗಿ ಬಿಚ್ಚಬಹುದು.