ರಂಗದಿಂದ ಬೆಳ್ಳಿತೆರೆಗೆ: ಯಿಡ್ಡಿಷ್ ನಟ ಮಾರಿಸ್ ಶ್ವಾರ್ಟ್ಸ್

ತನ್ನದೆಂಬ ರಾಜ್ಯವಿಲ್ಲದ ಭಾಷೆಗೆ ರಂಗಭೂಮಿಯೇ ನೆಲೆಯಾಗಬಲ್ಲುದು ಎಂಬುದಕ್ಕೆ ಯಿಡ್ಡಿಷ್ ನಾಟಕದ ಇತಿಹಾಸವು ಒಳ್ಳೆಯ ನಿದರ್ಶನ. ಪೂರ್ವ ಯುರೋಪಿನ ಯೆಹೂದ್ಯರ ಮನೆಮಾತಾದ ಈ ಭಾಷೆಯ ಲಿಪಿ ಹೀಬ್ರೂ, ಕುಲ ಜರ್ಮನ್. ಉಕ್ರೇನಿನ ಸುದಿಲ್ಕೋವ್ ಎಂಬ ಊರಿನಲ್ಲಿ ಹುಟ್ಟಿ, ಎಳೆತನದಲ್ಲಿಯೇ ಅಮೆರಿಕಕ್ಕೆ ವಲಸೆ ಬಂದ ಮಾರಿಸ್ ಶ್ವಾರ್ಟ್ಸ್ ಅವರು 1918ರಲ್ಲಿ ನ್ಯೂಯಾರ್ಕಿನಲ್ಲಿ ಯಿಡ್ಡಿಷ್ ಕಲಾರಂಗವನ್ನು ಕಟ್ಟಿದರು. ಅಗ್ಗದ ವಿನೋದಕ್ಕೆ ಬದಲು ಉತ್ತಮ ಸಾಹಿತ್ಯವನ್ನು ರಂಗಕ್ಕೆ ತರುವುದು ಅವರ ಧ್ಯೇಯವಾಗಿತ್ತು. ಮುಂದೆ ಹಾಲಿವುಡ್ಡಿನಲ್ಲಿ ಹೆಸರಾದ ಪಾಲ್ ಮುನಿ ಈ ತಂಡದಲ್ಲಿಯೇ ಪಳಗಿದವರು.

ಶ್ವಾರ್ಟ್ಸ್ ಅವರು ನಟಿಸಿದ ‘ಯಿಜ್ಕೋರ್’ 1924ರಲ್ಲಿ ವಿಯೆನ್ನಾದಲ್ಲಿ ಸಿದ್ಧವಾಯಿತು. 1926ರ ‘ಬ್ರೋಕನ್ ಹಾರ್ಟ್ಸ್’ ಚಿತ್ರವನ್ನು ನಟಿಸಿ ನಿರ್ದೇಶಿಸಿದವರು ಅವರೇ. ಎರಡೂ ಮೂಕಚಿತ್ರಗಳು. ಮಾತೇ ಬಂಡವಾಳವಾದ ನಟನಿಗೆ ಮೂಕಚಿತ್ರದಲ್ಲಿ ಭಾಷೆಯ ಬಲವೇ ಇಲ್ಲವಾಯಿತು. ವಾಕ್ಚಿತ್ರ ಬಂದ ಮೇಲೆ ಈ ಕೊರತೆ ನೀಗಿತು. ಶೋಲೆಮ್ ಆಶ್ ಅವರ ಕಾದಂಬರಿಯನ್ನು ಆಧರಿಸಿದ, 1932ರ ‘ಅಂಕಲ್ ಮೋಸೆಸ್’ ಚಿತ್ರದಲ್ಲಿ ಅವರು ತನ್ನ ಊರಿನವರನ್ನೇ ದುಡಿಸಿಕೊಳ್ಳುವ ಬಟ್ಟೆ ಕಾರ್ಖಾನೆಯ ಒಡೆಯನಾಗಿ ಕಾಣಿಸಿಕೊಂಡರು.

ಆದರೆ ಅವರ ಕೀರ್ತಿ ನಿಂತಿರುವುದು 1939ರ ‘ತೆವ್ಯೆ’ ಚಿತ್ರದ ಮೇಲೆ. ಶೋಲೆಮ್ ಅಲೈಖೆಮ್ ಸೃಷ್ಟಿಸಿದ ಈ ಹಾಲು ಮಾರುವವನ ಪಾತ್ರವನ್ನು ಶ್ವಾರ್ಟ್ಸ್ 1919ರಲ್ಲಿಯೇ ರಂಗದ ಮೇಲೆ ತಂದಿದ್ದರು. ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನ ಒಂದು ಹೊಲ ಚಿತ್ರದಲ್ಲಿ ಉಕ್ರೇನಿನ ಹಳ್ಳಿಯಾಯಿತು. ಆ ವರ್ಷದ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ದಂಡೆತ್ತಿತು. ಡಿಸೆಂಬರಿನಲ್ಲಿ ಚಿತ್ರ ತೆರೆ ಕಂಡಿತು. ಅನ್ಯಧರ್ಮೀಯನನ್ನು ಮದುವೆಯಾದ ಮಗಳು ಖಾವಾಳನ್ನು ತಂದೆ ಸತ್ತವಳೆಂದೇ ಎಣಿಸಿ ಶೋಕಿಸುತ್ತಾನೆ. ಊರಿನಿಂದ ಕುಟುಂಬವನ್ನು ಹೊರದೂಡುವ ಗಳಿಗೆಯಲ್ಲಿ ಅವಳು ಮರಳಿ ಬರುತ್ತಾಳೆ. ತಂದೆ ಅವಳನ್ನು ಸೇರಿಸಿಕೊಂಡನೇ ಎಂಬುದನ್ನು ಮೂಲ ಕಥೆಗಾರರು ಓದುಗರ ತೀರ್ಮಾನಕ್ಕೆ ಬಿಟ್ಟರು. ಶ್ವಾರ್ಟ್ಸ್ ಅವಳನ್ನು ತಂದೆಯೊಡನೆಯೇ ಹೊರಡಿಸಿದರು. ಹೊರದೂಡಲ್ಪಟ್ಟವರ ಸುದ್ದಿಯನ್ನು ನಿತ್ಯ ಓದುತ್ತಿದ್ದ ಪ್ರೇಕ್ಷಕರಿಗೆ ಈ ಮುಕ್ತಾಯದ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮುಂದಿನ ಆರು ವರ್ಷಗಳಲ್ಲಿ ಯುರೋಪಿನ ಯಿಡ್ಡಿಷ್ ಜನಪದದ ಬಹುಭಾಗ ನಾತ್ಸಿಗಳ ಕೈಯಲ್ಲಿ ಹತವಾಯಿತು. ಅಮೆರಿಕದಲ್ಲಿ ವಲಸಿಗರ ಮಕ್ಕಳು ಇಂಗ್ಲಿಷಿನತ್ತ ಸರಿದರು. 1950ರಲ್ಲಿ ಕಲಾರಂಗ ಮುಚ್ಚಿತು. ನಾಯಕನಟರಾಗಿ ಮೆರೆದ ಶ್ವಾರ್ಟ್ಸ್ ಅವರಿಗೆ ಹಾಲಿವುಡ್ಡಿನಲ್ಲಿ ದೊರೆತುದು ‘ಬರ್ಡ್ ಆಫ್ ಪ್ಯಾರಡೈಸ್’ (1951), ‘ಸಲೋಮಿ’ (1953) ಮುಂತಾದ ಚಿತ್ರಗಳ ಪೋಷಕ ಪಾತ್ರಗಳು. 1960ರಲ್ಲಿ ಇಸ್ರೇಲಿನಲ್ಲಿ ಅವರು ತೀರಿಕೊಂಡರು.

1991ರಲ್ಲಿ ‘ತೆವ್ಯೆ’ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು. ಆ ಪಟ್ಟಿಗೆ ಸೇರಿದ ಇಂಗ್ಲಿಷೇತರ ಭಾಷೆಯ ಚಿತ್ರಗಳಲ್ಲಿ ಇದೇ ಮೊದಲನೆಯದು. ರಂಗದ ಮೇಲೆ ಆಡಿದ ಮಾತು ಆ ರಾತ್ರಿಯೊಡನೆ ಮುಗಿಯುತ್ತದೆ. ಶ್ವಾರ್ಟ್ಸ್ ಅವರ ದನಿಯೂ ಅವರ ಜನರ ಆಡುಮಾತಿನ ಏರಿಳಿತವೂ ಇಂದಿಗೂ ಕಿವಿಗೆ ಬೀಳುವಂತೆ ಉಳಿದಿರುವುದು ಆ ಬೇಸಿಗೆಯ ಚಿತ್ರೀಕರಣದಿಂದ. ನುಡಿಯನ್ನು ಕಾಯುವವರು ಲಿಪಿಯೊಡನೆ ದನಿಯನ್ನೂ ಕಾಯಬೇಕೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.