ರಾಕ್ಲಿಯ ಪರಾಗ ಮಟ್ಟ ಮತ್ತು ಮುನ್ಸೂಚನೆ

ರಾಕ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ರಾಜಧಾನಿ ಬ್ರಿಸ್ಬೇನ್‌ನ ಒಂದು ಉಪನಗರ. ನಗರದ ನಡುಭಾಗದಿಂದ ದಕ್ಷಿಣಕ್ಕೆ ಸುಮಾರು 9 ಕಿ.ಮೀ. ದೂರದಲ್ಲಿದೆ. ಹಣ್ಣು, ತರಕಾರಿ, ಹೂವಿನ ಸಗಟು ಮಾರುಕಟ್ಟೆಗೆ ಹೆಸರಾದ ಊರು. ಗಾಳಿಯಲ್ಲಿ ತೇಲುವ ಪರಾಗವನ್ನು ಎಣಿಸಿ ದಾಖಲಿಸುವ ಕೆಲಸ ಇಲ್ಲಿ ಎರಡು ಅವಧಿಗಳಲ್ಲಿ ನಡೆದಿದೆ. ಮೊದಲನೆಯದು 1994ರಿಂದ 1999ರವರೆಗಿನದು; ಎರಡನೆಯದು ‘ಆಸ್‌ಪೋಲನ್’ ಯೋಜನೆಯಡಿ 2016ರಲ್ಲಿ ಆರಂಭವಾಯಿತು. ಉಪೋಷ್ಣ ವಲಯದ ಪರಾಗ ಋತು ಸಮಶೀತೋಷ್ಣ ವಲಯದ್ದಕ್ಕಿಂತ ಎಷ್ಟು ಬೇರೆ ಎಂಬುದನ್ನು ಈ ದಾಖಲೆಗಳು ತೋರಿಸುತ್ತವೆ.

ಹವೆ ಮತ್ತು ನೆಲ

ಬ್ರಿಸ್ಬೇನ್ ಸುಮಾರು 27.5 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ಅಲ್ಲಿ ಬೇಸಿಗೆ ಎಂದರೆ ಡಿಸೆಂಬರ್‌ನಿಂದ ಫೆಬ್ರವರಿ. ವರ್ಷದ ಮಳೆಯಲ್ಲಿ ದೊಡ್ಡ ಪಾಲು ಬೀಳುವುದೂ ಈ ಬಿಸಿಯ ತಿಂಗಳುಗಳಲ್ಲೇ. ರಾಕ್ಲಿ ತಗ್ಗು ಪ್ರದೇಶ. ಆಕ್ಸ್‌ಲಿ ಹೊಳೆಯ ನೆರೆ ಬಯಲು ಇಲ್ಲಿದೆ. 2011 ಮತ್ತು 2022ರ ಪ್ರವಾಹಗಳಲ್ಲಿ ಊರಿನ ಬಹುಭಾಗ ಮುಳುಗಿತ್ತು. ಹೊಳೆಯ ಪಕ್ಕದ ಹುಲ್ಲುಗಾವಲು, ರಸ್ತೆ ಬದಿ, ರೈಲು ಹಳಿಗಳ ಅಂಚು, ಖಾಲಿ ನಿವೇಶನ ಇವೆಲ್ಲ ಹುಲ್ಲಿನ ನೆಲೆಗಳು. ಬಿಸಿಲು, ತೇವ ಎರಡೂ ಒಟ್ಟಿಗೆ ಸಿಗುವುದರಿಂದ ಹುಲ್ಲು ಬೇಗ ಬೆಳೆದು ತೆನೆ ಬಿಡುತ್ತದೆ.

ಪರಾಗದ ಮೂಲಗಳು

ಅಲರ್ಜಿಯ ದೃಷ್ಟಿಯಿಂದ ಇಲ್ಲಿ ಮುಖ್ಯವಾದದ್ದು ಹುಲ್ಲಿನ ಪರಾಗ. ಬಾಹಿಯಾ ಹುಲ್ಲು, ಜಾನ್ಸನ್ ಹುಲ್ಲು, ಬರ್ಮುಡಾ ಹುಲ್ಲು ಇದರ ಪ್ರಮುಖ ಮೂಲಗಳು. ಬರ್ಮುಡಾ ಹುಲ್ಲು ಕನ್ನಡಿಗರು ಗಣಪತಿಗೆ ಏರಿಸುವ ಗರಿಕೆಯೇ. ಜಾನ್ಸನ್ ಹುಲ್ಲು ಜೋಳದ ಕುಲಕ್ಕೆ ಸೇರಿದ್ದು. ಸೈಪ್ರೆಸ್, ಸರ್ವೆ, ನೀಲಗಿರಿ ಜಾತಿಯ ಮರಗಳ ಪರಾಗವೂ ಗಾಳಿಯಲ್ಲಿ ಇರುತ್ತದೆ.

ಮೆಲ್ಬರ್ನ್‌ನಂಥ ತಂಪು ನಗರಗಳಲ್ಲಿ ರೈ ಹುಲ್ಲಿನದೇ ಮೇಲುಗೈ. ಅಲ್ಲಿ ಪರಾಗ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಏರಿ, ಬೇಸಿಗೆಯಲ್ಲಿ ಹುಲ್ಲು ಒಣಗುತ್ತಲೇ ಇಳಿಯುತ್ತದೆ. ಬ್ರಿಸ್ಬೇನ್‌ನಲ್ಲಿ ಏರಿಕೆ ತಡವಾಗಿ ಶುರುವಾಗಿ, ನಡುಬೇಸಿಗೆ ದಾಟಿ ಶರತ್ಕಾಲದವರೆಗೂ ಮುಂದುವರಿಯಬಹುದು. ಒಳ್ಳೆಯ ಮಳೆಯಾದರೆ ಹುಲ್ಲು ಮತ್ತೊಮ್ಮೆ ಹೂಬಿಟ್ಟು, ಒಂದೇ ಋತುವಿನಲ್ಲಿ ಎರಡನೆಯ ಏರಿಕೆ ಕಾಣುವುದುಂಟು.

ಪರಾಗದಲ್ಲಿನ ಪ್ರೋಟೀನುಗಳಲ್ಲೂ ವ್ಯತ್ಯಾಸವಿದೆ. ರೈ ಹುಲ್ಲಿನ ಪ್ರಮುಖ ಅಲರ್ಜಿಕಾರಕಗಳಲ್ಲಿ ಐದನೆಯ ಗುಂಪಿನ ಪ್ರೋಟೀನ್ ಒಂದು. ಉಪೋಷ್ಣ ವಲಯದ ಈ ಹುಲ್ಲುಗಳಲ್ಲಿ ಅದು ಇಲ್ಲ. ಆದ್ದರಿಂದ ರೈ ಹುಲ್ಲಿನ ಸಾರವನ್ನಷ್ಟೇ ಬಳಸಿ ಮಾಡುವ ಚರ್ಮ ಪರೀಕ್ಷೆ ಇಲ್ಲಿನ ರೋಗಿಗಳ ತೊಂದರೆಯನ್ನು ಪೂರ್ತಿ ಹೇಳಲಾರದು.

ಅಳತೆಯ ವಿಧಾನ

ಎಣಿಕೆಗೆ ಬಳಸುವುದು ಬರ್ಕಾರ್ಡ್ ಸಂಗ್ರಾಹಕ. ಇದು ಜೆ.ಎಂ. ಹರ್ಸ್ಟ್ 1952ರಲ್ಲಿ ವಿವರಿಸಿದ ಉಪಕರಣದ ಮಾದರಿಯದು. ಒಳಗಿನ ಪಂಪು ನಿಮಿಷಕ್ಕೆ 10 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ, ದಿನಕ್ಕೆ 14.4 ಘನ ಮೀಟರ್ ಆಯಿತು. ಗಾಳಿ ಬರುವ ದಿಕ್ಕಿಗೆ ಬಾಯಿ ತಿರುಗಿಸಿಕೊಳ್ಳಲು ಹಿಂಬದಿಯಲ್ಲಿ ಒಂದು ರೆಕ್ಕೆ ಇರುತ್ತದೆ. ಕಿರಿದಾದ ಸೀಳಿನಿಂದ ಒಳನುಗ್ಗಿದ ಕಣಗಳು ಅಂಟು ಬಳಿದ ಪಾರದರ್ಶಕ ಪಟ್ಟಿಗೆ ಬಡಿದು ಅಲ್ಲೇ ಕೂರುತ್ತವೆ. ಪಟ್ಟಿ ಸುತ್ತಿದ ಉರುಳೆ ಗಂಟೆಗೆ 2 ಮಿ.ಮೀ.ನಂತೆ ಸರಿಯುತ್ತದೆ. ಹೀಗಾಗಿ 48 ಮಿ.ಮೀ. ತುಂಡಿನಲ್ಲಿ ಒಂದು ದಿನದ ಪರಾಗ ಗಂಟೆಗಳ ಕ್ರಮದಲ್ಲೇ ದಾಖಲಾಗಿರುತ್ತದೆ. ಆ ತುಂಡಿಗೆ ಗುಲಾಬಿ ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಗುರುತಿಸಿ ಎಣಿಸುತ್ತಾರೆ. ಫಲಿತಾಂಶ ಬರುವುದು ಪ್ರತಿ ಘನ ಮೀಟರ್ ಗಾಳಿಗೆ ಇಷ್ಟು ಕಣ ಎಂಬ ದಿನದ ಸರಾಸರಿಯಾಗಿ.

ಆಸ್ಟ್ರೇಲಿಯದಲ್ಲಿ ಹುಲ್ಲಿನ ಪರಾಗಕ್ಕೆ ಬಳಸುವ ಮಟ್ಟಗಳು ನಾಲ್ಕು: 0–19 ಕಡಿಮೆ, 20–49 ಮಧ್ಯಮ, 50–99 ಹೆಚ್ಚು, 100 ಮತ್ತು ಅದಕ್ಕೆ ಮೇಲ್ಪಟ್ಟರೆ ತೀವ್ರ. ಸೀನು, ಮೂಗು ಸೋರುವಿಕೆ, ಕಣ್ಣಿನ ತುರಿಕೆ ಯಾವ ಮಟ್ಟದಲ್ಲಿ ಶುರುವಾಗುತ್ತವೆ ಎಂಬುದು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ರೀತಿ.

ಮುನ್ಸೂಚನೆ

ಎಣಿಕೆ ಬೇರೆ, ಮುನ್ಸೂಚನೆ ಬೇರೆ. ಕೈಯಿಂದ ಎಣಿಸಿದ ಅಂಕಿ ಆಗಲೇ ಕಳೆದುಹೋದ 24 ಗಂಟೆಗಳದ್ದು. ನಾಳೆಯ ಮಟ್ಟ ಹೇಳಲು ಮೂರು ಬಗೆಯ ಮಾಹಿತಿ ಬೇಕು: ಇತ್ತೀಚಿನ ಎಣಿಕೆಗಳು, ಋತು ಯಾವ ಹಂತದಲ್ಲಿದೆ ಎಂಬ ಅಂದಾಜು, ನಾಳೆಯ ಹವೆ. ಮೊದಲೆರಡನ್ನು ಹಿಂದಿನ ವರ್ಷಗಳ ದಾಖಲೆಯೊಂದಿಗೆ ಹೋಲಿಸಿ, ಉಷ್ಣಾಂಶ, ಆರ್ದ್ರತೆ, ಮಳೆ, ಗಾಳಿಯ ದಿಕ್ಕು ಮತ್ತು ವೇಗಗಳನ್ನು ಸೇರಿಸಿ ಲೆಕ್ಕ ಹಾಕುತ್ತಾರೆ. ಹುಲ್ಲು ಎಲ್ಲೆಲ್ಲಿ ಎಷ್ಟು ಹಸಿರಾಗಿದೆ ಎಂಬುದನ್ನು ಉಪಗ್ರಹ ಚಿತ್ರಗಳಿಂದ ತಿಳಿಯುವ ವಿಧಾನವೂ ಇದೆ.

ಇವುಗಳಲ್ಲಿ ಮಳೆಯ ಲೆಕ್ಕವೇ ಕಷ್ಟದ್ದು. ಸುರಿಯುವ ಹೊತ್ತಿನಲ್ಲಿ ಅದು ಗಾಳಿಯ ಪರಾಗವನ್ನು ತೊಳೆದು ನೆಲಕ್ಕಿಳಿಸುತ್ತದೆ. ಅದೇ ಮಳೆ ಕೆಲವು ವಾರಗಳ ಬಳಿಕ ಹೊಸ ತೆನೆಗಳನ್ನು ಹೊರಡಿಸಿ ಮಟ್ಟವನ್ನು ಏರಿಸುತ್ತದೆ. ಮಳೆ ಮತ್ತು ಹೂಬಿಡುವ ಕಾಲ ಒಂದಾಗಿರುವ ಉಪೋಷ್ಣ ವಲಯದಲ್ಲಿ ಈ ಎರಡು ಪರಿಣಾಮಗಳು ಒಂದರ ಮೇಲೊಂದು ಬೀಳುತ್ತವೆ. ಹಾಗಾಗಿ ಮೆಲ್ಬರ್ನ್‌ಗೆ ರೂಪಿಸಿದ ಸೂತ್ರವನ್ನು ಇಲ್ಲಿಗೆ ತಂದರೆ ಹೊಂದುವುದಿಲ್ಲ.

ಮುನ್ಸೂಚನೆಗೆ ಸಾರ್ವಜನಿಕ ಮಹತ್ವ ತಂದುಕೊಟ್ಟ ಘಟನೆ ನಡೆದದ್ದೂ ಮೆಲ್ಬರ್ನ್‌ನಲ್ಲೇ. 2016ರ ನವೆಂಬರ್ 21ರ ಸಂಜೆ ಬೀಸಿದ ಗುಡುಗುಗಾಳಿಯ ಬಳಿಕ ಸಾವಿರಾರು ಜನ ಉಸಿರಾಟದ ತೊಂದರೆಯಿಂದ ಆಸ್ಪತ್ರೆಗಳಿಗೆ ಬಂದರು. 10 ಮಂದಿ ಸತ್ತರು. ಇಂಥ ಗಾಳಿಯಲ್ಲಿ ತೇವಕ್ಕೆ ಸಿಕ್ಕ ಪರಾಗ ಕಣ ಒಡೆದು ಅತಿ ಸಣ್ಣ ಪಿಷ್ಟದ ಹರಳುಗಳು ಹೊರಬೀಳುತ್ತವೆ. ಇಡೀ ಪರಾಗ ಮೂಗಿನಲ್ಲೇ ತಡೆದು ನಿಲ್ಲುತ್ತದೆ. ಆದರೆ ಈ ಹರಳುಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮರುವರ್ಷವೇ ಮೆಲ್ಬರ್ನ್ ಇರುವ ವಿಕ್ಟೋರಿಯ ರಾಜ್ಯ ಗುಡುಗು ಆಸ್ತಮಾದ ಎಚ್ಚರಿಕೆ ವ್ಯವಸ್ಥೆಯನ್ನು ಆರಂಭಿಸಿತು.

ಮಿತಿಗಳು ಮತ್ತು ಪ್ರವೃತ್ತಿ

ಒಂದು ಸಂಗ್ರಾಹಕ ಇಡೀ ನಗರದ ಗಾಳಿಯನ್ನು ಪ್ರತಿನಿಧಿಸುವುದಿಲ್ಲ. ಮನೆಯ ಪಕ್ಕದಲ್ಲಿ ಕತ್ತರಿಸದೆ ಬಿಟ್ಟ ಹುಲ್ಲಿದ್ದರೆ, ಪ್ರಕಟವಾದ ಮಟ್ಟ ಕಡಿಮೆಯಿದ್ದರೂ ಅಲ್ಲಿನ ನಿವಾಸಿಗೆ ತೊಂದರೆಯಾಗಬಹುದು. ಕಣಗಳನ್ನು ತಾವೇ ಗುರುತಿಸುವ ಸ್ವಯಂಚಾಲಿತ ಯಂತ್ರಗಳು ಯೂರೋಪಿನ ಹಲವೆಡೆ ಬಳಕೆಗೆ ಬಂದಿವೆ. ಇವುಗಳಿಂದ ಒಂದು ದಿನದ ವಿಳಂಬ ತಪ್ಪುತ್ತದೆ. ಆದರೆ ಆಯಾ ಊರಿನ ಪರಾಗದ ಮಾದರಿಗಳನ್ನು ಕೊಟ್ಟು ಅವುಗಳನ್ನು ಮೊದಲು ಪಳಗಿಸಬೇಕಾಗುತ್ತದೆ.

ಬ್ರಿಸ್ಬೇನ್‌ನ ಎರಡು ಅವಧಿಗಳ ದಾಖಲೆಗಳನ್ನು ಹೋಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2016–2020ರಲ್ಲಿ ಹುಲ್ಲಿನ ಪರಾಗ 1994–1999ಕ್ಕಿಂತ ಗಣನೀಯವಾಗಿ ಹೆಚ್ಚಿತ್ತು. ಹಳೆಯ ಸರಾಸರಿಯನ್ನೇ ನಂಬಿದ ಮುನ್ಸೂಚನೆ ಇಲ್ಲಿ ಸಾಲದು. ಪ್ರತಿ ಋತುವಿನಲ್ಲೂ ಎಣಿಕೆ ನಡೆಯುತ್ತಲೇ ಇರಬೇಕು.